ನಾನು ಸರಿ ಮಾಡಿಸಿದ ಗಾಂಧಾರ

ಕಳೆದ ತಿಂಗಳು ಶಾಲೆಯ ಸಾಮಾನು ಕೋಣೆಯ ಮೂಲೆಯಿಂದ ಹಳೆಯ ಹಾರ್ಮೋನಿಯಂ ಹೊರಗೆ ತೆಗೆಸಿದೆ. ಹಾರ್ಮೋನಿಯಂ ಎಂಬ ಮಾತು ನಮ್ಮ ಕಡೆ ಅರ್ಜಿಯಲ್ಲಿ ಬರೆಯಲಿಕ್ಕೆ ಮಾತ್ರ. ಬಾಯಲ್ಲಿ ಅದು ಪೇಟಿ. ಮುಚ್ಚಳ ಎತ್ತಿದ ಕೂಡಲೇ ಕರ್ಪೂರ, ಹಳೆಯ ಚರ್ಮ, ಹಿತ್ತಾಳೆ ಎಲ್ಲ ಕೂಡಿದ ವಾಸನೆಯೊಂದು ಬಂತು. ಹುಳ ಹತ್ತಬಾರದೆಂದು ಕರ್ಪೂರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಟ್ಟವಳು ನಾನೇ. ಕರ್ಪೂರ ಯಾವಾಗಲೋ ಹಾರಿಹೋಗಿ ಗಂಟು ಪೊಳ್ಳಾಗಿತ್ತು, ವಾಸನೆ ಮಾತ್ರ ಕಟ್ಟಿಗೆಯೊಳಗೆ ಉಳಿದಿತ್ತು. ಹಾಗೆ ಇಡಬೇಕೆಂದು ಹೇಳಿಕೊಟ್ಟವರು ಬೈಲಹೊಂಗಲದ ಪೇಟಿ ಕಾಕಾ... ಅವರು ಹೋಗಿ ಹದಿನಾರು ವರ್ಷವಾಯಿತು. ನಾನು ಆ ಕೋಣೆಯ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆ.

ಊರಿಗೆಲ್ಲ ಅವರು ಪೇಟಿ ಕಾಕಾ. ಮೂಲ ಸಿರಸಂಗಿಯ ಬಡಿಗರ ಮನೆತನ. ಅವರ ತಂದೆ ನಾಟಕ ಕಂಪನಿಯೊಂದರ ಜೊತೆ ಕಟ್ಟಿಗೆ ಸಾಮಾನು ರಿಪೇರಿ ಮಾಡುತ್ತ ಊರೂರು ತಿರುಗಿದವರು. ಅಲ್ಲಿಯೇ ಪೇಟಿ ಬಿಚ್ಚಿ ಕೂಡಿಸುವುದನ್ನು ಕಲಿತು ಬಂದು ಬೈಲಹೊಂಗಲದ ಒಂದು ಓಣಿಯಲ್ಲಿ ಅಂಗಡಿ ಹಾಕಿದರು. ಮಗನ ಕಾಲಕ್ಕೂ ಅಂಗಡಿ ಬೆಳೆಯಲಿಲ್ಲ: ಇಬ್ಬರು ಒಳಗೆ ಕುಳಿತರೆ ಮೂರನೆಯವರು ಕಟ್ಟೆಯ ಮೇಲೆ ಕೂಡಬೇಕು. ವಿಚಿತ್ರವೆಂದರೆ ಕಾಕಾ ಒಂದು ಹಾಡನ್ನಾದರೂ ಪೂರ್ತಿ ನುಡಿಸಿದ್ದನ್ನು ನಾನು ಕೇಳಿಲ್ಲ. ಪೇಟಿಯ ಬಿಳಿ, ಕರಿ ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ. ಕಾಕಾ ಒಂದು ಮನೆ ಒತ್ತುವರು, ಕಿವಿ ವಾಲಿಸುವರು, ಮತ್ತೆ ಅದನ್ನೇ ಒತ್ತುವರು. ಯಾಕೆ ಒಂದು ಹಾಡು ಬಾರಿಸಬಾರದು ಎಂದು ಕೇಳಿದರೆ, "ಹಾಡು ಬಂತಂದ್ರ ಕಿವಿ ಅದರ ಬೆನ್ನ ಹತ್ತಿ ಹೋಗಿಬಿಡತೈತ್ರಿ ಅಕ್ಕೋರ, ಸ್ವರ ಕೇಳಾಂಗಿಲ್ಲ" ಎಂದು ನಗುತ್ತಿದ್ದರು.

ಅಕ್ಕೋರು ಎಂದರೆ ನಮ್ಮ ಕಡೆ ಹೆಣ್ಣು ಮಾಸ್ತರು. ನಾನು ಆಗ ಇಪ್ಪತ್ನಾಲ್ಕು ವರ್ಷದ ಸಂಗೀತ ಶಿಕ್ಷಕಿ, ಬೈಲಹೊಂಗಲದ ಒಂದು ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೆ. ಊರು ಸವದತ್ತಿ. ಅಜ್ಜ ಪೂಜೆ, ಪುರಾಣ ಎಂದು ಹೆಸರು ಮಾಡಿದವರು; ಅಪ್ಪ ಅದನ್ನು ಬಿಟ್ಟು ತಾಲೂಕು ಕಚೇರಿಯಲ್ಲಿ ಗುಮಾಸ್ತರಾದರು; ನನ್ನ ಪಾಲಿಗೆ ಹಿಂದೂಸ್ತಾನಿ ಸಂಗೀತ ಬಂತು. ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಮುಗಿಸಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ನಾನು ಅರ್ಧ ಕೊಡ, ನಡೆದಲ್ಲೆಲ್ಲ ತುಳುಕುತ್ತಿದ್ದೆ.

ಶಾಲೆಯ ಪೇಟಿಯ ಗಾಳಿ ಊದುವ ತಿದಿ ಹರಿದಿತ್ತು. ಒಂದು ಶನಿವಾರ, ಮುಂಜಾನೆಯ ಶಾಲೆ ಬಿಟ್ಟ ಮೇಲೆ, ಅದನ್ನು ಕಾಕಾನ ಅಂಗಡಿಗೆ ಒಯ್ದೆ. ಕೈಯಲ್ಲಿ ಒಂದು ನೋಟುಬುಕ್ಕೂ ಇತ್ತು. ಒಂಬತ್ತನೆಯ ತರಗತಿಗೆ 'ನಮ್ಮ ಭಾಗದ ಹಾಡುಗಳು, ಅವುಗಳ ಲಕ್ಷಣಗಳು' ಎಂಬ ಪಾಠ ಮಾಡಬೇಕಿತ್ತು. ಅದಕ್ಕೆ ಗೆರೆ ಹೊಡೆದು ಕೋಷ್ಟಕ ಮಾಡಿಕೊಂಡಿದ್ದೆ. ಹಾಡಿನ ಹೆಸರು, ವಾದ್ಯ, ತಾಳ, ಹಾಡುವ ಸಂದರ್ಭ. ಚರ್ಮ ಅಂಟಿಸಿ ಒಣಗಲು ಬಿಟ್ಟ ಕಾಕಾ ಅದನ್ನು ಇಸಿದುಕೊಂಡು ಕನ್ನಡಕ ಏರಿಸಿ ಓದಿದರು.

"ಇದೇನ್ರಿ, ಸಂತಿ ಚೀಟಿ ಬರದಂಗ ಬರದೀರಿ? ಉಳ್ಳಾಗಡ್ಡಿ ಎರಡ ಕಿಲೋ, ಬಳ್ಳೊಳ್ಳಿ ಅರ್ಧ ಕಿಲೋ. ಗೀಗೀ ಪದ, ದಪ್ಪು. ಚೌಡಕಿ ಪದ, ಚೌಡಕಿ. ಮುಗೀತು?"

ನನಗೆ ಸಿಟ್ಟು ಬಂತು. "ಮತ್ತ ಹೆಂಗ ಗುರುತು ಹಿಡೀಬೇಕ್ರಿ ಕಾಕಾ? ನೀವಽ ಹೇಳ್ರಿ."

ರಿಪೇರಿಗೆ ಬಂದು ಗೋಡೆಗೆ ಸಾಲಾಗಿ ನಿಂತಿದ್ದ ಪೇಟಿಗಳ ಕಡೆ ಕಾಕಾ ಕೈ ತೋರಿಸಿ, ಬಾರಿಸದೆ, ಬರೀ ನೋಡಿ, ಯಾವುದು ಯಾವ ಹಾಡಿನದು ಹೇಳಿರಿ ಎಂದರು. ನಾನು ಬಗ್ಗಿ ನೋಡಿದೆ. ನನಗೆ ಕಂಡದ್ದು ಹಳೆಯ ಪೇಟಿಗಳು, ಅಷ್ಟೇ. ಕಾಕಾ ಒಂದರ ಮೇಲಿನ ಹಲಗೆ ಎತ್ತಿದರು. ಎತ್ತರದ ಸ್ವರಗಳ ಮನೆಗಳೇ ಹೆಚ್ಚು ಸವೆದಿದ್ದವು, ಸಂದಿನಲ್ಲಿ ಬಣ್ಣದ ಪುಡಿ ಕೂತಿತ್ತು. ಅದು ಪಾರಿಜಾತದ ಬಯಲಾಟ ಆಡುವವರದು. ಹೆಣ್ಣು ಪಾತ್ರ ಎತ್ತರದ ದನಿಯಲ್ಲಿ ಹಾಡಬೇಕು, ಮೈಕಿಲ್ಲದ ಕಾಲದಲ್ಲಿ ಹಿಂದೆ ಕುಳಿತವರಿಗೂ ಕೇಳಬೇಕು, ಅದಕ್ಕೇ ತಿದಿಯ ಕೀಲು ಸಡಿಲಾಗಿದೆ ಎಂದರು. ಇನ್ನೊಂದರಲ್ಲಿ ನಡುವಿನ ಮನೆಗಳ ನಡುವೆ ವಿಭೂತಿ: ಭಜನೆಯದು. ಎಲ್ಲ ಮನೆಗಳೂ ಒಂದೇ ಸಮ ಸವೆದದ್ದು ಧಾರವಾಡದ ಒಬ್ಬ ಶಾಸ್ತ್ರೀಯ ಗಾಯಕರಿಗೆ ಸಾಥ್ ಕೊಡುವವರದು, ಯಾಕೆಂದರೆ ಅವರು ದಿನಕ್ಕೊಂದು ರಾಗದ ಬೆನ್ನು ಹತ್ತುತ್ತಾರೆ. ಕೊನೆಯದರಲ್ಲಿ ಐದಾರು ಮನೆ ಮಾತ್ರ ನುಣುಪಾಗಿದ್ದವು, ಒಳಗೆಲ್ಲ ಅರಿಶಿನದ ಭಂಡಾರ.

"ಇದು ನಿಮ್ಮೂರಿಂದಽ ಬಂದದ್ದು. ಜೋಗಮ್ಮಗೋಳದು," ಅಂದರು ಕಾಕಾ. "ಅವರ ಹಾಡಿನ ಜೀವ ಚೌಡಕಿ ತಂತ್ಯಾಗ ಐತಿ. ಬಗಲಾಗ ಅಮುಕಿದಂಗ ತಂತಿ ಏರತೈತಿ, ಇಳೀತೈತಿ. ಪೇಟಿಗೆ ಹಂಗ ಜಾರಾಕ ಬರಾಂಗಿಲ್ಲ. ಅದಕ್ಕ ಬಾಯಿ ಮುಚ್ಕೊಂಡು ಹಿಂದ ನಿಂತಿರತೈತಿ."

ಸವದತ್ತಿಯಲ್ಲಿ ಹುಟ್ಟಿ ಬೆಳೆದವಳು ನಾನು. ಚೌಡಕಿಯನ್ನು ತೊಟ್ಟಿಲಿನಿಂದ ಕೇಳಿದವಳು. ಆ ತಂತಿ ಜಾರುತ್ತದೆ ಎಂಬುದು ಆವತ್ತಿನವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಮುಂದಿನ ಶನಿವಾರ ಕೆಲಸವಿಲ್ಲದಿದ್ದರೂ ಆ ಕಟ್ಟೆಗೆ ಹೋಗಿ ಕುಳಿತೆ. ಅದರ ಮುಂದಿನ ಶನಿವಾರವೂ ಹೋದೆ.

ಹಾಡು ಯಾವುದೆಂದು ತಿಳಿಯಬೇಕಾದರೆ ಹಾಡುವವರ ಕೈ ಏನು ಮಾಡುತ್ತಿದೆ ನೋಡಬೇಕು ಎನ್ನುವುದು ಕಾಕಾನ ವಾದ. ಬೀಸುವ ಪದದ ಒಂದು ಸಾಲು ಕಲ್ಲು ತಿರುಗುವಷ್ಟೇ ಉದ್ದ. ಕಣದಲ್ಲಿ ಎತ್ತು ತಿರುವುತ್ತ ಹಾಡುವ ಹಂತಿ ಪದದಲ್ಲಿ ದನಿ ಉದ್ದಕ್ಕೆ ಎಳೆಯುತ್ತದೆ, ಯಾಕೆಂದರೆ ಎತ್ತಿಗೆ ಅವಸರವಿಲ್ಲ. ಗೀಗೀ ಪದದಲ್ಲಿ ಹಿಂದಿನವರು "ಗೀಯ ಗಾ" ಎಂದು ಅಷ್ಟು ಹೊತ್ತು ಎಳೆಯುವುದು ಯಾಕೆ ಎಂದು ನನ್ನನ್ನೇ ಕೇಳಿದರು. ಚಂದಕ್ಕೆ ಎಂದೆ. ಚಂದವೂ ಹೌದು, ಆದರೆ ಅಷ್ಟರಲ್ಲಿ ಮುಂದಿನವನು ಎದುರು ಮೇಳದ ಸವಾಲಿಗೆ ಜವಾಬು ಹೊಂದಿಸಿಕೊಳ್ಳುತ್ತಾನೆ ಎಂದು ಹೇಳಿ ಕಣ್ಣು ಮಿಟುಕಿಸಿದರು. ಮೊಹರಮ್ಮಿನ ಅಲಾಯಿ ಪದದವರು ತಮ್ಮ ಅಂಗಡಿಗೆ ಯಾವತ್ತೂ ಬರುವುದಿಲ್ಲವಂತೆ. ಹೆಜ್ಜೆ ಹಾಕುತ್ತ ಹಾಡುವವರಿಗೆ ಕುಳಿತು ಬಾರಿಸುವ ಪೇಟಿ ಏನು ಮಾಡಲಿಕ್ಕೆ? ನಾನು ಕೋಷ್ಟಕಕ್ಕೆ 'ಕೈಯ ಕೆಲಸ' ಎಂಬ ಹೊಸ ಗೆರೆ ಹೊಡೆದೆ. ಕಾಕಾ ಅದನ್ನೂ ನೋಡಿ ನಕ್ಕರು. ಆ ನಗು ನನಗೆ ಇಷ್ಟವಾಗುತ್ತಿತ್ತು. ಅವರನ್ನು ಮೆಚ್ಚಿಸಬೇಕೆಂಬ ಹುಕಿಯೂ ನನ್ನಲ್ಲಿ ಬೆಳೆಯುತ್ತಿತ್ತು, ಅದನ್ನು ಈಗ ಒಪ್ಪಿಕೊಳ್ಳಬೇಕು.

ಶ್ರಾವಣ ಹತ್ತಿರ ಬಂದಾಗ ಸಂಪಗಾಂವ ಕಡೆಯ ಒಂದು ಹಳ್ಳಿಯಿಂದ ಭಜನಾ ಮಂಡಳಿಯ ಸೆಕ್ರೆಟರಿ ತಮ್ಮ ಪೇಟಿ ಹೊತ್ತು ತಂದ. ನನ್ನದೇ ವಯಸ್ಸಿನ ರೈತ, ಹೊಸದಾಗಿ ಸೆಕ್ರೆಟರಿ ಆದವನು. ಧೂಳು ತೆಗೆದು, ತಿದಿ ನೋಡಿ ಕೊಡಬೇಕಿತ್ತು, ಅಷ್ಟೇ. ಕಾಕಾ ಕೆಲಸ ಮುಗಿಸಿ ಮನೆಗಳನ್ನು ಒಂದೊಂದಾಗಿ ಒತ್ತುತ್ತ ಹೋದರು. ಸ, ರಿ... ಮೂರನೆಯದು, ಗಾಂಧಾರ, ನನ್ನ ಕಿವಿಗೆ ಚುಚ್ಚಿತು. ಶುದ್ಧ ಗಾಂಧಾರದ ಜಾಗದಿಂದ ಅದು ಕೆಳಗೆ ಇಳಿದಿತ್ತು, ಆದರೆ ಅದರ ಕೆಳಗಿನ ಕೋಮಲದ ತನಕವೂ ಹೋಗಿರಲಿಲ್ಲ. ನಡುವೆ ಎಲ್ಲಿಯೋ ನೇತಾಡುತ್ತಿತ್ತು.

"ಕಾಕಾ, ಈ ಗಾಂಧಾರ ಬೇಸೂರ ಅದ," ಎಂದೆ.

"ಇರಲಿ ಬಿಡ್ರಿ. ಅದು ಹಂಗಽ ಇರೂದು."

"ಹಂಗಽ ಇರೂದು ಅಂದ್ರ? ಬೇಸೂರ ಅಂದ್ರ ಬೇಸೂರ. ಸಣ್ಣ ಹುಡುಗಿ ಕೇಳಿದ್ರೂ ಹೇಳ್ತಾಳ." ಇಷ್ಟಕ್ಕೆ ಸುಮ್ಮನಿರದೆ ಎದ್ದು ಪಕ್ಕದ ಪೇಟಿಯಲ್ಲಿ ಅದೇ ಸ್ವರ ಒತ್ತಿ, ಎರಡನ್ನೂ ಜೊತೆಗೆ ಬಾರಿಸಿ ತೋರಿಸಿದೆ. ಎರಡು ಸ್ವರಗಳು ಗುರ್ರೆಂದು ಒಂದಕ್ಕೊಂದು ಕಚ್ಚಾಡಿದವು.

ಸೆಕ್ರೆಟರಿಯ ಮುಖ ಸಣ್ಣದಾಯಿತು. "ಅಕ್ಕೋರು ಇಷ್ಟ ಹೇಳಾಕ ಹತ್ತ್ಯಾರಂದ್ರ ಸರಿ ಮಾಡಿಬಿಡ್ರಿ ಕಾಕಾ. ನಾಕು ಮಂದ್ಯಾಗ ನಮ್ಮ ಪೇಟಿ ಬೇಸೂರ ಅನಿಸ್ಕೊಳ್ಳೂದು ಬ್ಯಾಡ."

ಕಾಕಾ ನನ್ನನ್ನು ನೋಡಿದರು, ಅವನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ, "ನೀವು ಓದಿದ ಮನಿತನದವರು. ನಿಮ್ಮ ಅಜ್ಜಾರ ಪುರಾಣ ನಾನೂ ಕೇಳೇನಿ," ಎಂದಷ್ಟೇ ಹೇಳಿ ಸಣ್ಣ ಅರ ಕೈಗೆತ್ತಿಕೊಂಡರು. ಪೇಟಿಯ ಪ್ರತಿ ಸ್ವರವೂ ಒಂದು ತೆಳ್ಳನೆಯ ಹಿತ್ತಾಳೆ ನಾಲಿಗೆ, ಅದಕ್ಕೆ ರೀಡು ಎನ್ನುತ್ತಾರೆ. ತುದಿ ತಿಕ್ಕಿದರೆ ಸ್ವರ ಏರುತ್ತದೆ, ಬುಡ ತಿಕ್ಕಿದರೆ ಇಳಿಯುತ್ತದೆ. ಏನೇ ಮಾಡಿದರೂ ಹಿತ್ತಾಳೆ ತೆಳುವಾಗುತ್ತ ಹೋಗುತ್ತದೆಯೇ ಹೊರತು ತೆಗೆದದ್ದು ತಿರುಗಿ ಕೂಡುವುದಿಲ್ಲ. ನಾಲ್ಕೈದು ಸಲ ತುದಿಗೆ ಅರ ಆಡಿಸಿದ ಮೇಲೆ ಗಾಂಧಾರ ಶುದ್ಧವಾಯಿತು. ನಾನು ಹಿಗ್ಗಿದೆ. ಕಾಕಾ ಮಾತ್ರ ಅರ ಒರೆಸುತ್ತ, "ಶ್ರಾವಣದ ಮೊದಲ ಸೋಮವಾರ ಅವರ ಊರಾಗ ಭಜನಿ ಐತಿ. ಬರ್ರಿ, ಕೇಳ್ರಿ," ಎಂದರು.

ಹೋದೆ. ಕಾಕಾನೂ ಜೊತೆಗಿದ್ದರು. ದೀಪ ಹಚ್ಚುವ ಹೊತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲಾಗದ ದಾರಿ. ಗುಡಿಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ನಡುವೆ ಒಬ್ಬ ಅಜ್ಜಿ, ಹಣೆ ತುಂಬ ವಿಭೂತಿ, ಕೈಯಲ್ಲಿ ತಾಳ. ಗುರುವಿನ ಮೇಲಿನ ಒಂದು ತತ್ವಪದವನ್ನು ಆ ಅಜ್ಜಿಯೇ ಶುರು ಮಾಡಬೇಕು, ಅದರ ಧಾಟಿ ಉಳಿದವರಿಗೆ ಬರುವುದಿಲ್ಲ ಎಂದು ಕಾಕಾ ಪಿಸುಗುಟ್ಟಿದರು. ಅಜ್ಜಿ ದನಿ ಎತ್ತಿದಳು. ಎರಡು ಸ್ವರ ಏರಿ ಮೂರನೆಯದಕ್ಕೆ ಬಂದಳು, ಪೇಟಿಯೂ ಬಂತು. ಅಜ್ಜಿಯ ದನಿ ಒಂದು ಕಡೆ, ಪೇಟಿ ಒಂದು ಕಡೆ. ತಡವರಿಸಿದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅದೇ ಜಾಗದಲ್ಲಿ, ಅಂಗಳದ ಕಲ್ಲು ಎಡವಿದವರಂತೆ, ನಿಂತಳು. ಮೂರನೆಯ ಸಲ ಅಜ್ಜಿ ತಾಳವನ್ನು ಕೆಳಗಿಟ್ಟು ಗಂಟಲು ಮುಟ್ಟಿಕೊಂಡಳು.

"ನನ್ನ ದನಿ ಹೋತು," ಅಂದಳು. "ವಯಸ್ಸಾತು. ಇನ್ನ ಮ್ಯಾಲ ನೀವಽ ಹಾಡ್ಕೋರಿ."

ಪೇಟಿಯ ಮೇಲೆ ಆಕೆಗೆ ಸಂಶಯವೇ ಬರಲಿಲ್ಲ. ರಿಪೇರಿಯಾಗಿ ಬಂದ ಪೇಟಿ ತಪ್ಪಾಗುವುದು ಹೇಗೆ? ಯಾರೋ ಬೇರೆ ಪದ ಎತ್ತಿಕೊಂಡರು. ಅಜ್ಜಿ ಗೋಡೆಗೆ ಒರಗಿ ಕಡೆಯ ತನಕ ಬಾಯಿ ತೆರೆಯದೆ ಕುಳಿತಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಎಲ್ಲ ಹೇಳಿದರು. ಆ ಧಾಟಿ ಅಜ್ಜಿಗೆ ಅವಳ ತಾಯಿಯಿಂದ ಬಂದದ್ದು, ತಾಯಿಗೆ ಬೀಸುವ ಕಲ್ಲಿನ ಮುಂದೆ ಬಂದದ್ದು. ಕಲ್ಲಿನ ಮುಂದೆ ಪೇಟಿ ಎಲ್ಲಿಯದು? ಆ ಹೆಣ್ಣುಮಕ್ಕಳ ಮೂರನೆಯ ಸ್ವರ ನಿಲ್ಲುವ ಜಾಗ ಪೇಟಿಯ ಯಾವ ಮನೆಯಲ್ಲೂ ಇಲ್ಲ. ಮಂಡಳಿಗೆ ಪೇಟಿ ಬಂದಾಗ ಅಜ್ಜಿ ಹೀಗೆಯೇ ತಡವರಿಸಿದ್ದಳಂತೆ. ಆಗ ಕಾಕಾನ ತಂದೆ ಅವಳನ್ನು ಎದುರಿಗೆ ಕೂರಿಸಿ ಹಾಡಿಸಿ, ರೀಡಿನ ಬುಡ ತಿಕ್ಕಿ, ಗಾಂಧಾರವನ್ನು ಅವಳ ದನಿ ಇದ್ದಲ್ಲಿಗೆ ಇಳಿಸಿಕೊಟ್ಟಿದ್ದರು.

"ಆ ಹಾಡಿನ ಗುರುತಽ ಅದು, ಅಕ್ಕೋರ. ಪೇಟಿ ಹಾಡಿಗೆ ಬಗ್ಗಬೇಕು ಅಂತಿದ್ದ ನಮ್ಮಪ್ಪ."

"ಮತ್ತ ಆವತ್ತಽ ಯಾಕ ಹೇಳ್ಲಿಲ್ರಿ ಕಾಕಾ?" ನನ್ನ ದನಿ ಅಳುವಿನಂತಿತ್ತು.

ಅವರು ತಲೆ ತಗ್ಗಿಸಿದರು. "ಹೇಳಬೇಕಿತ್ತು. ಓದಿದವರ ಮುಂದ ನನ್ನ ಬಾಯಿ ಏಳೂದಿಲ್ಲ. ಮಾತು ನಿಮ್ಮದಿತ್ತು, ಅರ ನನ್ನ ಕೈಯಾಗಿತ್ತು." ಇಷ್ಟು ದಿನ ಸಿಟ್ಟಿನಲ್ಲಾಗಲಿ ಚೇಷ್ಟೆಯಲ್ಲಾಗಲಿ ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಮರುದಿನವೇ ಸೆಕ್ರೆಟರಿಗೆ ಹೇಳಿ ಕಳಿಸಿ, ರವಿವಾರ ಅಜ್ಜಿಯ ಮನೆಗೆ ಹೋದೆವು. ಕಾಕಾ ಪಡಸಾಲೆಯಲ್ಲಿ ಪೇಟಿ ಬಿಚ್ಚಿದರು. ಆ ರೀಡು ಎರಡು ಸಲ ಅರ ಕಂಡಿತ್ತು; ಮತ್ತೊಂದು ಸಲ ಬುಡ ತಿಕ್ಕಿದರೆ ಮುರಿದರೂ ಮುರಿಯಬಹುದು ಎಂದು ದಾರಿಯಲ್ಲೇ ಹೇಳಿದ್ದರು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಅಜ್ಜಿ ಹಾಡದೆ ಸ್ವರದ ಜಾಗ ಸಿಗುವುದಿಲ್ಲ, ಅಜ್ಜಿ ಹಾಡಲು ಒಲ್ಲೆ ಎಂದು ಕುಳಿತಿದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತ, ಹೋದ ದನಿಯನ್ನು ಎಲ್ಲಿಂದ ತರಲಿ ಎಂದಳು. ಕಾಕಾ ನನ್ನ ಕಡೆ ನೋಡಿದರು. ಅದು ನಾನು ಹೇಳಬೇಕಾದ ಮಾತು, ಬೇರೆ ಯಾರೂ ಹೇಳುವಂತಿರಲಿಲ್ಲ.

"ಅಜ್ಜಿ, ನಿಮ್ಮ ದನಿ ಎಲ್ಲೂ ಹೋಗಿಲ್ಲ," ಎಂದೆ. "ಪೇಟಿ ಸ್ವರ ತಪ್ಪ್ಯದ ಅಂತ ನಾನಽ ಹಟ ಹಿಡಿದು ತಿದ್ದಿಸಿದೆ. ತಿಳೀಲಾರದ ಮಾಡಿದೆ. ನಿಮ್ಮದು ಸರಿ ಇತ್ತು."

ಅಜ್ಜಿಯ ಕೈ ಮೊರದಲ್ಲಿ ನಿಂತಿತು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹಂಗಾರ ನನ್ನ ದನಿ ಐತೇನ ಯವ್ವಾ?" ಎಂದು ಕೇಳಿದಳು. ಒಂದು ವಾರ ಆ ಮುದುಕಿ ಏನನ್ನು ಕಳೆದುಕೊಂಡೆನೆಂದು ತಿಳಿದು ಬದುಕಿದ್ದಳೋ ಅದೆಲ್ಲ ಆ ಪ್ರಶ್ನೆಯಲ್ಲಿತ್ತು. ನಾನು ಅತ್ತುಬಿಟ್ಟೆ. ಅಜ್ಜಿ ಸೆರಗಿನಿಂದ ನನ್ನ ಕಣ್ಣೊರೆಸಿ, "ಬಿಡು, ಕಲಿಯೂ ಮುಂದ ಎಡವೂದು ಇರೂದಽ," ಎಂದು ಹೇಳಿ ಹಾಡತೊಡಗಿದಳು.

ಅವಳು ಮೂರನೆಯ ಸ್ವರದ ಮೇಲೆ ನಿಲ್ಲುವಳು, ಕಾಕಾ ಕಣ್ಣು ಮುಚ್ಚಿ ಕೇಳುವರು, ರೀಡಿನ ಬುಡಕ್ಕೆ ಒಂದೇ ಸಲ ಅರ ತಾಗಿಸುವರು, ಒತ್ತಿ ನೋಡುವರು. ಇನ್ನೊಂದಿಷ್ಟು... ಇನ್ನೊಂದಿಷ್ಟು... ರೀಡು ಮುರಿಯಲಿಲ್ಲ. ಪೇಟಿಯ ಸ್ವರ ಹೋಗಿ ಅಜ್ಜಿಯ ಸ್ವರದೊಳಗೆ ಕೂತಿತು, ಯಾವುದು ಯಾವುದೆಂದು ಗೊತ್ತಾಗದಂತೆ. ಆವತ್ತು ಮೊದಲ ಸಲ ಆ ಗಾಂಧಾರವನ್ನು ನಿಜವಾಗಿ ಕೇಳಿದೆ. ಅದು ಶುದ್ಧದಂತೆ ನಗುವುದಿಲ್ಲ, ಕೋಮಲದಂತೆ ಅಳುವುದಿಲ್ಲ. ದಿನದ ಕೆಲಸ ಮಾಡುತ್ತಿರುವ ಹೆಂಗಸಿನ ಮುಖದ ಹಾಗೆ ಇತ್ತು. ಕಾಕಾ ಅರ ಕೆಳಗಿಟ್ಟು, ಇನ್ನು ಈ ರೀಡನ್ನು ಯಾರೂ ಮುಟ್ಟಬಾರದು ಎಂದು ಸೆಕ್ರೆಟರಿಗೆ ಎರಡೆರಡು ಸಲ ಹೇಳಿದರು. ನಾವು ರೊಟ್ಟಿ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಬಂದೆವು.

ಆಮೇಲೆ ನಾಲ್ಕಾರು ವರ್ಷ ಅಜ್ಜಿ ಹಾಡಿದಳು. ನನಗೆ ರಾಮದುರ್ಗಕ್ಕೆ ವರ್ಗವಾಯಿತು, ಮುಂದೆ ಸವದತ್ತಿಗೆ. ಕಾಕಾನ ಅಂಗಡಿಗೆ ಹೋಗುವುದು ವರ್ಷಕ್ಕೊಮ್ಮೆ ಆಯಿತು, ಆಮೇಲೆ ಅದೂ ತಪ್ಪಿತು. ಒಂದು ಸಲ ಶಾಲೆಯ ಪೇಟಿ ತೆಗೆದುಕೊಂಡು ಹೋದರೆ ಆ ಕಟ್ಟೆಯ ಮೇಲೆ ಮೊಬೈಲ್ ಕವರುಗಳನ್ನು ತೂಗುಹಾಕಿದ್ದರು. ಕಾಕಾ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ನನಗೆ ಸುದ್ದಿ ಕೊಡಬೇಕೆಂದು ಯಾರಿಗಾದರೂ ಯಾಕೆ ಹೊಳೆಯಬೇಕು? ನಾನು ಅವರ ಗಿರಾಕಿ, ಅಷ್ಟೇ.

ಪೇಟಿಯ ವಾಸನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಶ್ರಾವಣವೂ ಬಂದಿತ್ತು. ಹೋದ ಸೋಮವಾರ ಆ ಹಳ್ಳಿಗೆ ಹೋದೆ. ಗುಡಿಗೆ ಹೊಸ ಫರಸಿ ಕಲ್ಲು ಹಾಕಿದ್ದಾರೆ. ಸೆಕ್ರೆಟರಿಯ ತಲೆ ಬೆಳ್ಳಗಾಗಿದೆ. ನನ್ನನ್ನು ಗುರುತಿಸಿ ಕೈ ಹಿಡಿದು ಕರೆದೊಯ್ದರು. ನಡುವೆ ಅದೇ ಪೇಟಿ ಇತ್ತು, ಹೊಸ ಪಾಲಿಶಿನಲ್ಲಿ ಮಿರಮಿರ ಮಿಂಚುತ್ತ.

"ಹೋದ ವರ್ಷ ರಿಪೇರಿ ಮಾಡ್ಸಿದ್ವಿ ಅಕ್ಕೋರ," ಎಂದರು ಹೆಮ್ಮೆಯಿಂದ. "ಒಬ್ಬ ಹುಡುಗ ಮೊಬೈಲ್ ಹಚ್ಚಿಕೊಂಡು ಒಂದೊಂದು ಸ್ವರ ನೋಡಿ ಸರಿ ಮಾಡಿದ. ಅದರಾಗ ಒಂದು ಭಾಳ ಬೇಸೂರ ಇತ್ತಂತ್ರಿ. ಹೊಸಾ ರೀಡು ಹಾಕ್ಯಾನ. ಈಗ ಎಲ್ಲಾ ಛಲೋ ಆಗೇತಿ."

ಅವರನ್ನು ಬೈಯುವ ಬಾಯಿ ನನ್ನದಲ್ಲ. ಅದೇ ಮಾತನ್ನು ಅವರಿಗೆ ಕಲಿಸಿದವಳೇ ನಾನಲ್ಲವೇ... ಗುರುವಿನ ಪದವನ್ನು ಈಗ ಇಬ್ಬರು ತರುಣಿಯರು ಹಾಡುತ್ತಾರೆ, ಪೇಟಿ ಹೇಳಿದಲ್ಲಿ ನಿಲ್ಲುತ್ತಾರೆ. ಚೆನ್ನಾಗಿಯೇ ಹಾಡಿದರು. ಹಾಡಿ ಮುಗಿದ ಮೇಲೆ, ಅಜ್ಜಿ ಇದನ್ನು ಬೇರೆ ಥರ ಹಾಡುತ್ತಿದ್ದಳಂತೆ, ಹೌದೇ ಎಂದು ಒಬ್ಬಳು ಕೇಳಿದಳು. ಸೆಕ್ರೆಟರಿ ನನ್ನ ಕಡೆ ತಿರುಗಿ, "ನೀವು ಎದುರಿಗೆ ಕುಂತು ಕೇಳೀರಿ ಅಕ್ಕೋರ. ಒಂದ್ಸಲ ತೋರಸ್ರಿ ಇವಕ್ಕ," ಎಂದರು.

ಪೇಟಿ ಬೇಡವೆಂದೆ. ಕಣ್ಣು ಮುಚ್ಚಿದೆ. ಆ ಸ್ವರ ನನ್ನ ತಲೆಯೊಳಗೆ ಸ್ಪಷ್ಟವಾಗಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಅದನ್ನು ಬಾಯಲ್ಲಿ ವರ್ಣಿಸಿದ್ದೇನೆ, ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಹಾಡಿದೆ. ಸ, ರಿ... ಆಮೇಲೆ ನನ್ನ ಗಂಟಲು, ಪರೀಕ್ಷೆಗಳಲ್ಲಿ ಪಾಸಾದ ಗಂಟಲು, ನೇರವಾಗಿ ಶುದ್ಧ ಗಾಂಧಾರಕ್ಕೆ ಹೋಗಿ ನಿಂತಿತು. ಇನ್ನೊಮ್ಮೆ ಹಾಡಿದೆ. ಮತ್ತೆ ಅಲ್ಲಿಗೇ ಹೋಯಿತು.

ಹುಡುಗಿಯರು ತಲೆದೂಗಿದರು. "ಛಲೋ ಹಾಡಿದ್ರಿ ಅಕ್ಕೋರ," ಎಂದರು ಸೆಕ್ರೆಟರಿ. ಸ್ವರ ತಪ್ಪಿತು ಎಂದು ಹೇಳಬಲ್ಲವರು ಇಬ್ಬರಿದ್ದರು, ಇಬ್ಬರೂ ಈಗ ಇಲ್ಲ.